ರೀಲಿನಿಂದ ಕಾರ್ಡಿಗೆ: ಕರಾವಳಿಯ ಡಿಜಿಟಲ್ ಫೋಟೋಗ್ರಫಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಸುತ್ತಮುತ್ತ ಹೊಸದಾಗಿ ಕ್ಯಾಮೆರಾ ಕೊಂಡವರು, ಮದುವೆ ಆಲ್ಬಮ್ ಮಾಡಿಸುವವರು, ರಾತ್ರಿಯಾಟದ (ಯಕ್ಷಗಾನದ) ಫೋಟೋ ತೆಗೆಯಲು ಹೋಗಿ ಸೋತವರು, ಅಜ್ಜನ ಕಾಲದ ಫೋಟೋ ಉಳಿಸಿಕೊಳ್ಳಲು ಒದ್ದಾಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಈ ಊರಿನ ಸೆಕೆ, ಮಳೆ, ಉಪ್ಪುಗಾಳಿಯನ್ನು ಲೆಕ್ಕಕ್ಕೆ ಹಿಡಿದೇ ಉತ್ತರ ಬರೆದಿದ್ದೇವೆ.

ಫಿಲ್ಮ್ ಹೋಗಿ ಡಿಜಿಟಲ್ ಬಂದದ್ದರಿಂದ ನಿಜಕ್ಕೂ ಬದಲಾದದ್ದೇನು?

ಕಣ್ಣಿಗೆ ಕಾಣುವ ಬದಲಾವಣೆ ಖರ್ಚಿನದ್ದು. ಒಂದು ರೀಲಿಗೆ 36 ಫ್ರೇಮು. ರೀಲಿಗೊಂದು ದುಡ್ಡು, ತೊಳೆಸಲು ಒಂದು ದುಡ್ಡು, ಕಾಪಿ ಹಾಕಿಸಲು ಇನ್ನೊಂದು. ಆದ್ದರಿಂದ ಧಾರೆಗೆ ಇಷ್ಟು, ಬಡಿಸುವ ಪಂಕ್ತಿಗೆ ಇಷ್ಟು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಕ್ಲಿಕ್ ಮಾಡುತ್ತಿದ್ದರು. ಈಗ ಕ್ಲಿಕ್ಕಿಗೆ ದುಡ್ಡಿಲ್ಲ, ಮೂರು ಸಾವಿರ ಫೋಟೋದಿಂದ ಮುನ್ನೂರನ್ನು ಆರಿಸುವ ಹೊತ್ತಿಗೆ ಬೆಲೆ.

ಅದಕ್ಕಿಂತ ದೊಡ್ಡ ಬದಲಾವಣೆಯೊಂದಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬಣ್ಣದ ರೀಲನ್ನು ತೊಳೆಯುವ ಸಿ-41 ಕ್ರಮದಲ್ಲಿ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ರೀಲು ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ಅದನ್ನು ಲ್ಯಾಬಿನವರು ನೋಡಿಕೊಳ್ಳುತ್ತಿದ್ದರು. ಫೋಟೋ ಸ್ವಲ್ಪ ಅಂಡರ್ (ಬೆಳಕು ಸಾಲದ್ದು) ಆಗಿದ್ದರೆ, ಟ್ಯೂಬ್‌ಲೈಟಿನಿಂದ ಹಸಿರು ಬಡಿದಿದ್ದರೆ ಕಾಪಿ ಹಾಕುವಾಗ ಅವರೇ ಸರಿಪಡಿಸುತ್ತಿದ್ದರು. ಗಿರಾಕಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಕವರಿನಲ್ಲಿ ನೆಗೆಟಿವ್ ಮನೆಗೆ ಬರುತ್ತಿತ್ತು, ಕಪಾಟಿನಲ್ಲಿ ಕೂರುತ್ತಿತ್ತು. ಇವತ್ತು ಆ ಲ್ಯಾಬು ನಿಮ್ಮ ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಇದೆ. ಬೆಳಕು ಸರಿಪಡಿಸುವುದು, ಬಣ್ಣ ನೋಡುವುದು, ಮೂಲಪ್ರತಿ ಕಾಪಾಡುವುದು ಎಲ್ಲವೂ ನಿಮ್ಮ ಕೆಲಸ. ಕೆಳಗಿನ ಮುಕ್ಕಾಲು ಪ್ರಶ್ನೆಗಳು ಹುಟ್ಟಿರುವುದು ಈ ಕೆಲಸ ತಮ್ಮದೆಂದು ಯಾರೂ ಹೇಳದೆ ಇದ್ದುದರಿಂದ.

ಇದೆಲ್ಲ ಯಾವಾಗ ಶುರುವಾಯಿತು?

1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಕ್ಯಾಮೆರಾ 100 ಅಡ್ಡ, 100 ಉದ್ದ ಪಿಕ್ಸೆಲ್‌ಗಳ ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಂಡಿತು. ಮರುವರ್ಷ ಅದೇ ಕಂಪನಿಯ ಬ್ರೈಸ್ ಬೇಯರ್ ಅವರ ಬಣ್ಣದ ಫಿಲ್ಟರಿಗೆ ಪೇಟೆಂಟ್ ಸಿಕ್ಕಿತು. ಇಂದಿನ ಹೆಚ್ಚುಕಡಿಮೆ ಎಲ್ಲ ಮೊಬೈಲ್, ಕ್ಯಾಮೆರಾಗಳಲ್ಲಿ ಇರುವುದು ಅದೇ ವಿನ್ಯಾಸ. ಪತ್ರಿಕಾ ಛಾಯಾಗ್ರಾಹಕರಿಗೆ 1999ರ ನಿಕಾನ್ ಡಿ1, ಹವ್ಯಾಸಿಗಳಿಗೆ 2003ರ ಕ್ಯಾನನ್ 300ಡಿ ದಾರಿ ತೆರೆದವು. 2012ರಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು.

ಬಿಳಿ ಪಂಚೆ, ಮಲ್ಲಿಗೆ ಹೂವು ಸುಣ್ಣ ಬಳಿದ ಹಾಗೆ ಬರುತ್ತವೆ. ಫಿಲ್ಮಿನಲ್ಲಿ ಹೀಗಾಗುತ್ತಿರಲಿಲ್ಲ. ಯಾಕೆ?

ರೀಲಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಒಂದು ಕೊಡಪಾನ ಎಂದುಕೊಳ್ಳಿ. ಬೆಳಕು ಬಿದ್ದಷ್ಟೂ ತುಂಬುತ್ತದೆ. ಕಂಠದವರೆಗೆ ತುಂಬಿದ ಮೇಲೆ ಸುರಿದದ್ದಕ್ಕೆ ಲೆಕ್ಕವಿಲ್ಲ, ಎಲ್ಲವೂ ಒಂದೇ ಬಿಳಿ. ಬಣ್ಣದ ನೆಗೆಟಿವ್ ಹಾಗಲ್ಲ. ಬೆಳಕು ಹೆಚ್ಚಾದಂತೆ ಅದು ನಿಧಾನವಾಗಿ ಮಣಿಯುತ್ತದೆ, ಎರಡು ಸ್ಟಾಪ್ ಓವರ್ ಆದರೂ (ಒಂದೊಂದು ಸ್ಟಾಪಿಗೆ ಬೆಳಕು ಎರಡರಷ್ಟಾಗುತ್ತದೆ) ಪಂಚೆಯ ಮಡಿಕೆ ಉಳಿಯುತ್ತದೆ. ಹಳೆಯ ಛಾಯಾಗ್ರಾಹಕರಿಗೆ 'ಸಂಶಯ ಬಂದರೆ ಸ್ವಲ್ಪ ಓವರ್ ಕೊಡು' ಎನ್ನುವ ರೂಢಿ ಇತ್ತು. ಡಿಜಿಟಲ್‌ನಲ್ಲಿ ಅದನ್ನು ತಿರುಗಿಸಬೇಕು: ಬಿಳಿಯನ್ನು ಮೊದಲು ಕಾಪಾಡಿ, ಕತ್ತಲನ್ನು ಆಮೇಲೆ ಎತ್ತಬಹುದು.

ಉಡುಪಿ ರಥಬೀದಿಯಲ್ಲಿ ನಡುಹಗಲು, ಬಿಳಿ ಪಂಚೆ ಉಟ್ಟವರ ಸಾಲು, ಹಿಂದೆ ತೇರಿನ ನೆರಳು ಎನ್ನಿ. ಕ್ಯಾಮೆರಾದ ಮೆನುವಿನಲ್ಲಿ ಹೈಲೈಟ್ ಎಚ್ಚರಿಕೆ ಆನ್ ಮಾಡಿ. ಒಂದು ಫೋಟೋ ತೆಗೆದು ನೋಡಿ. ಪಂಚೆ ಕಪ್ಪುಬಿಳಿಯಾಗಿ ಮಿನುಗುತ್ತಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಫೋಟೋದ ಬೆಳಕು ಏರಿಳಿಸುವ ಸೆಟ್ಟಿಂಗ್) ಅನ್ನು ಮೈನಸ್ 0.7ಕ್ಕೆ ಇಳಿಸಿ, ಸಾಲದಿದ್ದರೆ ಮೈನಸ್ 1. ಮಿನುಗು ಕಲಶದ ತುದಿ, ಚಿನ್ನದ ಸರದ ಹೊಳಪಿನಂಥ ಚುಕ್ಕೆಗಳಲ್ಲಿ ಮಾತ್ರ ಉಳಿದರೆ ಸರಿ. ಅವು ಹೇಗೂ ಬಿಳಿಯೇ. ಮುಖಗಳು ಆಗ ಕಪ್ಪಾಗಿ ಕಂಡಾವು, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಬರೆದಿಟ್ಟ ಮೂಲ ಫೈಲಿನಲ್ಲಿ) ನೆರಳನ್ನು ಒಂದೂವರೆ ಸ್ಟಾಪ್ ಎತ್ತಿದರೆ ಸರಿಯಾಗುತ್ತವೆ.

ಕೆಂಪು ರೇಷ್ಮೆ ಸೀರೆಯದ್ದು ಇದರದೇ ಇನ್ನೊಂದು ರೂಪ. ಒಟ್ಟು ಬೆಳಕು ಸರಿಯಿದ್ದರೂ ಕೆಂಪಿನ ಕೊಡಪಾನ ಒಂದೇ ತುಂಬಿ, ಜರಿಯ ಪಕ್ಕದ ನೇಯ್ಗೆ ಅಳಿಸಿಹೋಗಿ ಬಟ್ಟೆ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ. ಬಿಳಿ ಹಿಸ್ಟೋಗ್ರಾಮ್ (ಫೋಟೋದ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಒಂದನ್ನೇ ನೋಡಬೇಡಿ, ಕೆಂಪು-ಹಸಿರು-ನೀಲಿ ಮೂರೂ ಬೇರೆ ಬೇರೆ ತೋರಿಸುವುದನ್ನು ನೋಡಿ.

ರಾ ಬೇಕೋ, ಜೆಪೆಗ್ ಸಾಕೋ?

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಬೆಳಕು ನಿಮ್ಮ ಕೈಯಲ್ಲಿ ಇಲ್ಲದ ಕಡೆ, ಅಂದರೆ ಮದುವೆ ಹಾಲ್, ಆಟ, ತೇರು, ಅಲ್ಲೆಲ್ಲ ರಾ. ಮಕ್ಕಳ ಹುಟ್ಟುಹಬ್ಬಕ್ಕೆ, ದಾಖಲೆಗೆ ಜೆಪೆಗ್ ಸಾಕು. ರಾ ಫೈಲು ನೆಗೆಟಿವ್ ಇದ್ದಂತೆ, ಅದನ್ನು ತೊಳೆಸದೆ ಯಾರಿಗೂ ಕೊಡಲಾಗದು. ತೊಳೆಯುವ ತಾಳ್ಮೆ ಇಲ್ಲದವರು ಎರಡನ್ನೂ ಒಟ್ಟಿಗೆ ಬರೆಯುವಂತೆ ಸೆಟ್ ಮಾಡಿಕೊಳ್ಳಿ.

ಎಷ್ಟು ಮೆಗಾಪಿಕ್ಸೆಲ್ ಬೇಕು?

ಅಂಗಡಿಯವರು ಹೇಳುವಷ್ಟು ಬೇಡ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. 4x6 ಇಂಚಿಗೆ 1200x1800, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಮದುವೆ ಆಲ್ಬಮಿನ 12x18 ಹಾಳೆಗೆ ಸುಮಾರು 19. ಅದೇ ಹಾಳೆಯನ್ನು ಇಂಚಿಗೆ 200ರಂತೆ ಹಾಕಿದರೂ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ಕಾಣದು, ಆಗ 8.6 ಸಾಕು. ಮೊಬೈಲಿನ '50 ಮೆಗಾಪಿಕ್ಸೆಲ್' ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ಲನ್ನು ಒಂದು ಮಾಡಿ 12.5 ಕೊಡುತ್ತದೆ. ಅದು ಮೋಸವಲ್ಲ, ಕಡಿಮೆ ಬೆಳಕಿನಲ್ಲಿ ಅದೇ ಒಳ್ಳೆಯದು.

ಯಕ್ಷಗಾನದ ಫೋಟೋದಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ, ಇಲ್ಲವೇ ವೇಷ ಮಸುಕಾಗುತ್ತದೆ. ಏನು ಮಾಡಬೇಕು?

ಗ್ಯಾಸ್‌ಲೈಟಿನ ಕಾಲದಲ್ಲಿ ಬೆಳಕು ಕಡಿಮೆ ಇತ್ತು, ಆದರೆ ಮಿಟುಕುತ್ತಿರಲಿಲ್ಲ. ಈಗಿನ ಎಲ್‌ಇಡಿ ರಂಗಸ್ಥಳದಲ್ಲಿ ಬೆಳಕಿಗೆ ಬರವಿಲ್ಲ, ಮಿಟುಕೇ ತೊಂದರೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ದೀಪಗಳು ಅದರ ಎರಡರಷ್ಟು, ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಷಟರ್ (ಬೆಳಕನ್ನು ಒಳಬಿಡುವ ಹೊತ್ತು) 1/100 ಅಥವಾ 1/50 ಸೆಕೆಂಡು ಇದ್ದರೆ ಪೂರ್ತಿ ಏರಿಳಿತ ಒಳಗೆ ಬರುತ್ತದೆ, ಪಟ್ಟೆ ಕಾಣದು. 1/500ಕ್ಕೆ ಹೋದರೆ ಸೆನ್ಸರಿನ ಒಂದು ಭಾಗಕ್ಕೆ ಬೆಳಕಿನ ಏರು, ಇನ್ನೊಂದಕ್ಕೆ ಇಳಿತ ಸಿಕ್ಕಿ ಪಟ್ಟೆ ಮೂಡುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರಿನಲ್ಲಿ ಇದು ವಿಪರೀತ, ಯಾಕೆಂದರೆ ಹೆಚ್ಚಿನ ಕ್ಯಾಮೆರಾಗಳು ಸೆನ್ಸರನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ನಿಧಾನವಾಗಿ ಓದುತ್ತವೆ.

ಹಾಗಾಗಿ ಮೊದಲು ಮೆಕ್ಯಾನಿಕಲ್ ಷಟರಿಗೆ ಬನ್ನಿ. ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ, ಅದು ಬೆಳಕಿನ ಏರಿಗೆ ಕಾದು ಷಟರ್ ಬಿಡುತ್ತದೆ. ಒಡ್ಡೋಲಗ (ವೇಷಗಳ ರಂಗಪ್ರವೇಶ), ಅರ್ಥಗಾರಿಕೆಯ (ಮಾತುಗಾರಿಕೆಯ) ಹೊತ್ತಿಗೆ 1/100 ಸಾಕು. ಧೀಂಗಿಣಕ್ಕೆ (ಗಿರಗಿರನೆ ತಿರುಗುತ್ತ ಜಿಗಿಯುವ ಕುಣಿತಕ್ಕೆ) 1/500 ಬೇಕು, ಲೆನ್ಸಿನ ಕಂಡಿ ಎಫ್ 2.8, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಅಂದರೆ ಐಎಸ್‌ಒ 3200ರಿಂದ 6400. ಅಲ್ಲೂ ಪಟ್ಟೆ ಬಿಡದಿದ್ದರೆ 1/200ಕ್ಕೆ ಇಳಿದು, ವೇಷಧಾರಿ ಮೇಲಕ್ಕೆ ಚಿಮ್ಮಿ ಇನ್ನೇನು ಇಳಿಯಬೇಕೆನ್ನುವ ಚಣಕ್ಕೆ ಕ್ಲಿಕ್ ಮಾಡಿ. ಆ ಒಂದು ಚಣ ದೇಹ ಗಾಳಿಯಲ್ಲಿ ನಿಂತಿರುತ್ತದೆ. ಅದನ್ನು ಹಿಡಿಯಲು ಕಣ್ಣಿಗಿಂತ ಕಿವಿ ಹೆಚ್ಚು ಸಹಾಯಕ್ಕೆ ಬರುತ್ತದೆ. ಚೆಂಡೆಯ ಪೆಟ್ಟನ್ನು ಹಿಂಬಾಲಿಸಿದರೆ ಜಿಗಿತ ಎಲ್ಲಿ ಮುಗಿಯುತ್ತದೆಂದು ಮೊದಲೇ ತಿಳಿಯುತ್ತದೆ.

ಬೆಳಕು ಅಳೆಯುವುದನ್ನು ಕ್ಯಾಮೆರಾಕ್ಕೆ ಬಿಡಬೇಡಿ. ಹಿಂದಿನ ಕಪ್ಪು ಪರದೆ ನೋಡಿ ಅದು ಬೆಳಕು ಕಡಿಮೆ ಎಂದುಕೊಳ್ಳುತ್ತದೆ, ಮುಖ ಸುಟ್ಟುಹೋಗುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷದ ಮುಖವನ್ನು ಹತ್ತಿರದಿಂದ ನೋಡಿ: ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದರ ಮೇಲೊಂದು ಇಟ್ಟ ಚುಟ್ಟಿಯ ಮೊನೆಗಳು, ಅವುಗಳ ಸಂದಿನಲ್ಲಿ ಕಪ್ಪು, ಕೆಂಪು. ಗಂಟೆಗಟ್ಟಲೆ ಕೂತು ಹಾಕಿದ ಆ ಮೊನೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣಬೇಕು. ಮ್ಯಾನ್ಯುವಲ್ ಮೋಡಿಗೆ ಹೋಗಿ ಚುಟ್ಟಿಗೆ ಅಳತೆ ಹೊಂದಿಸಿ, ಅಲ್ಲೇ ಬಿಡಿ. ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಹೊಂದಿಸುವುದು) ಆಟೋ ಬೇಡ, 4000 ಕೆಲ್ವಿನ್‌ಗೆ ಕಟ್ಟಿಹಾಕಿ. ಇಲ್ಲದಿದ್ದರೆ ಹಿಂದಿನ ದೀಪ ಬದಲಾದಂತೆಲ್ಲ ಮುಖದ ಬಣ್ಣವೂ ಬದಲಾಗುತ್ತದೆ. ಫ್ಲ್ಯಾಶ್ ಬಳಸಲೇಬೇಡಿ. ಎದುರಿನಿಂದ ಹೊಡೆದ ಫ್ಲ್ಯಾಶ್ ಬಣ್ಣಗಾರಿಕೆಯ ನೆರಳನ್ನೆಲ್ಲ ಕೊಲ್ಲುತ್ತದೆ, ಕುಣಿಯುವವರ ಕಣ್ಣಿಗೂ ಕುಕ್ಕುತ್ತದೆ. ವೇಷ ಕಟ್ಟುವ ಚೌಕಿಗೆ ಹೋಗುವ ಮುಂಚೆ ಮೇಳದವರನ್ನು ಕೇಳಿ. ಮೇಳಗಳ ತಿರುಗಾಟ ಪತ್ತನಾಜೆಗೆ (ಮೇ ತಿಂಗಳ ಕೊನೆಯ ಹೊತ್ತಿಗೆ) ಮುಗಿಯುತ್ತದೆ, ಅಭ್ಯಾಸಕ್ಕೆ ಬೇಸಿಗೆಯ ಬಯಲಾಟಗಳೇ ಸರಿಯಾದವು.

ಭೂತಕೋಲದಲ್ಲಿ ಫೋಟೋ ತೆಗೆಯಬಹುದೇ?

ಇದಕ್ಕೆ ಕ್ಯಾಮೆರಾ ಉತ್ತರ ಕೊಡುವುದಿಲ್ಲ. ಗುತ್ತಿನವರು (ಕೋಲ ನಡೆಸುವ ಮನೆತನದವರು) ಅಥವಾ ದೈವಸ್ಥಾನದ ಆಡಳಿತದವರು ಕೊಡಬೇಕು. ಕೆಲವು ಕಡೆ ಪೂರ್ತಿ ನಿಷೇಧ, ಕೆಲವು ಕಡೆ ಆವೇಶದ ಹೊತ್ತಿಗೆ ಮಾತ್ರ ಮೊಬೈಲ್ ಎತ್ತುವಂತಿಲ್ಲ. ಬೇಡ ಎಂದರೆ ಬೇಡ, ದೂರದಿಂದ ಜೂಮ್ ಹಾಕಿಯೂ ಬೇಡ. ಒಪ್ಪಿಗೆ ಸಿಕ್ಕಿದರೆ ವೈಟ್ ಬ್ಯಾಲೆನ್ಸ್ 2800 ಕೆಲ್ವಿನ್ ಸುತ್ತ ಇಡಿ. ದೊಂದಿಯ ಬೆಳಕು ಸುಮಾರು 1900 ಕೆಲ್ವಿನ್, ಅದನ್ನು ಪೂರ್ತಿ 'ಸರಿಪಡಿಸಿ' ಬಿಳಿ ಮಾಡಿದರೆ ಬೆಂಕಿಯ ಬಿಸಿಯೇ ಹೋಗುತ್ತದೆ. ಸಿರಿಯ (ಎಳೆ ತೆಂಗಿನ ಗರಿಯ ಉಡುಗೆಯ) ಎಳೆಗಳ ಹಳದಿ, ಮುಖಕ್ಕೆ ಬಳಿದ ಹಳದಿ ಅರದಾಳ ಎರಡೂ ಕೆಂಪು ಚಾನೆಲ್ಲಿನಲ್ಲಿ ಬೇಗ ಸುಡುತ್ತವೆ, ಮೈನಸ್ 1ರಿಂದ ಶುರುಮಾಡಿ.

ಕಂಬಳದಲ್ಲಿ ಎಷ್ಟು ವೇಗದ ಷಟರ್ ಬೇಕು?

2020ರ ಐಕಳ ಕಂಬಳದಲ್ಲಿ ಓಟಗಾರರೊಬ್ಬರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಓಟದ ಕೆಸರುದಾರಿಯನ್ನು) 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಅದು ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು. ಬದಿಯಿಂದ ತೆಗೆದರೆ 1/250ರಲ್ಲಿ ಕೋಣ ನಾಲ್ಕು ಸೆಂಟಿಮೀಟರ್ ಸರಿದಿರುತ್ತದೆ, 1/1000ದಲ್ಲಿ ಒಂದು. ಕೆಸರುನೀರಿನ ಹನಿ ನಿಲ್ಲಬೇಕಾದರೆ 1/2000. ಎದುರಿನಿಂದ ತೆಗೆಯುವುದಾದರೆ ನಿರಂತರ ಫೋಕಸ್ ಬೇಕು, ಮತ್ತು ಕ್ಯಾಮೆರಾದ ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಫೋಟೋ ಹಿಡಿದಿಡುವ ಜಾಗ) ಗಮನದಲ್ಲಿರಲಿ: ಸೆಕೆಂಡಿಗೆ 20ರಂತೆ ಮೊದಲಿನಿಂದಲೇ ಹೊಡೆದರೆ ಕೋಣಗಳು ಓಟ ಮುಗಿಸುವ ಮಂಜೊಟ್ಟಿ ಮುಟ್ಟುವ ಹೊತ್ತಿಗೆ ಬಫರ್ ತುಂಬಿ ಕ್ಯಾಮೆರಾ ನಿಂತಿರುತ್ತದೆ. ಕೊನೆಯ ಮೂರು ಸೆಕೆಂಡಿಗೆ ಉಳಿಸಿಕೊಳ್ಳಿ.

ಮೊಬೈಲಿನ ಪೋರ್ಟ್ರೇಟ್ ಮೋಡ್ ಮಲ್ಲಿಗೆಯನ್ನು ಯಾಕೆ ತಿಂದುಹಾಕುತ್ತದೆ?

ಮದುಮಗಳು ಅಟ್ಟೆಗಟ್ಟಲೆ ಶಂಕರಪುರ ಮಲ್ಲಿಗೆ ಮುಡಿದಿರುತ್ತಾಳೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಹೂಮಾಲೆಯ ಹೊರಸಾಲಿನ ಮೊಗ್ಗುಗಳ ತುದಿ ಇಲ್ಲ, ಅರ್ಧ ಮೊಗ್ಗು ಸ್ಪಷ್ಟ, ಇನ್ನರ್ಧ ಹಿಂದಿನ ಮಸುಕಿನಲ್ಲಿ ಕರಗಿದೆ. ಜುಮುಕಿಯ ಬಳೆಯೊಳಗೆ ಕಾಣುವ ಹಿನ್ನೆಲೆ ಮಾತ್ರ ಮಸುಕಾಗದೆ ಉಳಿದಿದೆ. ಯಾಕೆಂದರೆ ಇಲ್ಲಿ ಮಸುಕು ಲೆನ್ಸಿನಿಂದ ಬಂದದ್ದಲ್ಲ. ಯಾವುದು ಹತ್ತಿರ, ಯಾವುದು ದೂರ ಎಂದು ಮೊಬೈಲ್ ಅಂದಾಜು ಮಾಡಿ, ದೂರದ್ದನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಬಿಡಿ ಕೂದಲು, ಹೂವಿನ ತುದಿಯಂಥ ಸಣ್ಣ ಅಂಚುಗಳಲ್ಲಿ ಅಂದಾಜು ತಪ್ಪುತ್ತದೆ.

ಪೋರ್ಟ್ರೇಟ್ ಮೋಡ್ ಬಿಟ್ಟು 2x ಅಥವಾ 3x ಲೆನ್ಸಿಗೆ ಹೋಗಿ, ಎರಡು ಹೆಜ್ಜೆ ಹಿಂದೆ ಸರಿಯಿರಿ, ಮದುಮಗಳನ್ನು ಗೋಡೆಯಿಂದ ಮೂರು ಮೀಟರ್ ಮುಂದೆ ನಿಲ್ಲಿಸಿ. ನಿಜವಾದ ಮಸುಕು ಸ್ವಲ್ಪವೇ ಬಂದರೂ ಹೂವು ಹೂವಾಗಿ ಉಳಿಯುತ್ತದೆ. ಈಗಾಗಲೇ ತೆಗೆದ ಫೋಟೋ ಆದರೆ ಎಡಿಟ್‌ಗೆ ಹೋಗಿ ಮಸುಕಿನ ಪ್ರಮಾಣವನ್ನು ಎಫ್ 1.4ರಿಂದ ಎಫ್ 4.5ರ ಸುತ್ತ ತನ್ನಿ, ತಪ್ಪು ಅರ್ಧಕ್ಕರ್ಧ ಮರೆಯಾಗುತ್ತದೆ.

ನೈಟ್ ಮೋಡೂ ಇಂಥದ್ದೇ, ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಕೂರಿಸುವುದು. ಕಾಪು ದೀಪಸ್ತಂಭಕ್ಕೆ ಚೆಂದ, ಹುಲಿವೇಷದ ಕುಣಿತಕ್ಕೆ ನಿರುಪಯೋಗಿ.

ಮೆಹೆಂದಿಯ ಲೇಸರ್ ಲೈಟಿನಿಂದ ಕ್ಯಾಮೆರಾ ಹಾಳಾಗುತ್ತದೆಯೇ?

ಆಗುತ್ತದೆ. ನೇರ ಲೆನ್ಸಿಗೆ ಬಡಿದ ಲೇಸರ್ ಗೆರೆ ಸೆನ್ಸರಿನ ಸಾಲುಗಳನ್ನು ಸುಡಬಲ್ಲದು, ಆಮೇಲೆ ಪ್ರತಿ ಫೋಟೋದಲ್ಲೂ ಬಣ್ಣದ ಗೆರೆ. ರಿಪೇರಿ ಎಂದರೆ ಸೆನ್ಸರ್ ಬದಲಿಸುವುದೇ. ಕನ್ನಡಿ ಇಲ್ಲದ ಕ್ಯಾಮೆರಾಗಳಲ್ಲಿ ಸೆನ್ಸರ್ ಯಾವಾಗಲೂ ತೆರೆದಿರುವುದರಿಂದ ಅಪಾಯ ಹೆಚ್ಚು. ಡಿಜೆಯವರೊಡನೆ ಮೊದಲೇ ಮಾತಾಡಿ, ಕಿರಣವನ್ನು ತಲೆಗಳ ಮೇಲಿನ ಎತ್ತರಕ್ಕೆ ಹಾಕಿಸಿ.

ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬಾರದಂತೆ ತಡೆಯುವುದು ಹೇಗೆ?

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಗಾಳಿಯ ತೇವ 60 ಶೇಕಡಾ ದಾಟಿ ಹಾಗೇ ಉಳಿದರೆ ಲೆನ್ಸಿನೊಳಗೆ ಬೂಷ್ಟು ಹಿಡಿಯಲು ಶುರು. ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಇಲ್ಲಿ ದಿನವಿಡೀ 85ರ ಮೇಲೆ. ಮೊದಲು ಜೇಡರ ಬಲೆಯಂಥ ನವಿರು ಎಳೆ, ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಆಮೇಲೆ ಬಿಚ್ಚಿ ತೊಳೆದರೂ ಕಲೆ ಹೋಗದು.

ಕಡಿಮೆ ಖರ್ಚಿನ ವ್ಯವಸ್ಥೆ ಹೀಗೆ. ರಬ್ಬರ್ ಪಟ್ಟಿ ಇರುವ, ಗಾಳಿಯಾಡದ 10 ಲೀಟರಿನ ಪ್ಲಾಸ್ಟಿಕ್ ಡಬ್ಬಿ. ಒಳಗೆ ಬಟ್ಟೆಚೀಲದಲ್ಲಿ 250 ಗ್ರಾಂ ಸಿಲಿಕಾ ಜೆಲ್. ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗೆ ಇಳಿಸಿದರೆ ರಬ್ಬರ್, ಒಳಗಿನ ಗ್ರೀಸ್ ಒಣಗುತ್ತವೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಅದರ ಕೆಲಸ ಮುಗಿಯಿತು, 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಿ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಅದು ವಿಷ. ಅಡುಗೆಯ ಓವನ್ನಿಗೆ, ಬಾಣಲೆಗೆ ಹಾಕಬೇಡಿ. ಎರಡು ಮೂರು ಲೆನ್ಸ್ ಇರುವವರಿಗೆ ಕರೆಂಟಿನ ಡ್ರೈ ಕ್ಯಾಬಿನೆಟ್ ಒಂದೇ ಸಲದ ಖರ್ಚು.

ಅಕ್ಕಿಯಲ್ಲಿ ಹೂತಿಡುವುದು ಬೇಡ, ಹಿಟ್ಟಿನ ಧೂಳು ಒಳಗೆ ಹೋಗಿ ಬೂಷ್ಟಿಗೆ ಅದೇ ಊಟವಾಗುತ್ತದೆ. ಕರ್ಪೂರ, ನುಸಿಗುಳಿಗೆಯೂ ಬೇಡ, ಆವಿ ಗಾಜಿನ ಮೇಲೆ ಕೂರುತ್ತದೆ. ಎಲ್ಲಕ್ಕಿಂತ ಕೆಟ್ಟದು ಕ್ಯಾಮೆರಾ ಕೊಂಡಾಗ ಬಂದ ಬ್ಯಾಗಿನಲ್ಲೇ ಹಾಕಿ ಕಪಾಟಿನ ತಳಕ್ಕೆ ಸೇರಿಸುವುದು. ಬ್ಯಾಗಿನ ಸ್ಪಂಜು ನೀರು ಹಿಡಿದಿಟ್ಟುಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಿ.

ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುತ್ತದೆ?

ತಣ್ಣಗಿನ ಗಾಜಿನ ಮೇಲೆ ಸೆಕೆಯ ಗಾಳಿ ಬೆವರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ, ಆ ಹೊತ್ತಿಗೆ ಲೆನ್ಸ್ ಬಿಚ್ಚಿದರೆ ಸೆನ್ಸರಿನ ಮೇಲೂ ಬರುತ್ತದೆ. ಬ್ಯಾಗಿನ ಜಿಪ್ ಮುಚ್ಚಿಯೇ ಅರ್ಧ ಗಂಟೆ ಹೊರಗಿಡಿ. ಹಾಲ್ ಎಸಿಯಾಗಿದ್ದು ದಿಬ್ಬಣ ಹೊರಗಿನಿಂದ ಬರುವುದಾದರೆ ಒಂದು ಕ್ಯಾಮೆರಾವನ್ನು ಮೊದಲಿನಿಂದಲೇ ಹೊರಗೆ ಇಟ್ಟುಕೊಳ್ಳಿ.

ಮಲ್ಪೆ, ಪಣಂಬೂರಿನಲ್ಲಿ ತೆಗೆದ ಮೇಲೆ ಏನು ಮಾಡಬೇಕು?

ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಆಮೇಲೆ ಒಣಬಟ್ಟೆ. ಲೆನ್ಸಿನ ಗಾಜನ್ನು ಮೊದಲು ಬ್ಲೋವರಿನಿಂದ ಊದಿ, ಮರಳಿದ್ದಾಗ ಉಜ್ಜಿದರೆ ಗೀರು. ಬಾಯಿಯಿಂದ ಊದಬೇಡಿ. ಕಡಲ ಬದಿಯಲ್ಲಿ ಲೆನ್ಸ್ ಬದಲಿಸಬೇಡಿ. ಸೆನ್ಸರಿನಲ್ಲಿ ಧೂಳಿದೆಯೇ ಎಂದು ನೋಡಲು ಎಫ್ 16ರಲ್ಲಿ ಬರೀ ಆಕಾಶದ ಒಂದು ಫೋಟೋ ತೆಗೆಯಿರಿ, ಬೂದು ಚುಕ್ಕೆಗಳಿದ್ದರೆ ಧೂಳು.

ವಾಟ್ಸಾಪಿನಲ್ಲಿ ಬಂದ ಫೋಟೋವನ್ನು ಬ್ಯಾನರಿಗೆ ಹಾಕಿದರೆ ಕಟ್ಟುಕಟ್ಟಾಗಿ ಕಾಣುತ್ತದೆ. ಯಾಕೆ?

ಸಾಮಾನ್ಯ ರೀತಿ ಕಳಿಸಿದಾಗ ವಾಟ್ಸಾಪ್ ಚಿತ್ರದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲಿಗೆ ಕುಗ್ಗಿಸುತ್ತದೆ. ಒಳ್ಳೆಯ ಪ್ರಿಂಟಿಗೆ ಅದು ಐದು ಇಂಚು ಚಿಲ್ಲರೆಗೆ ಸಾಕು, ಹತ್ತು ಅಡಿಗಲ್ಲ. ಕಳಿಸುವವರು ಪಿನ್ ಗುರುತು ಒತ್ತಿ, ಡಾಕ್ಯುಮೆಂಟ್ ಆರಿಸಿ, ಅಲ್ಲಿಂದ ಫೈಲ್ ಕಳಿಸಬೇಕು.

ಕುಗ್ಗಿಸುವಾಗ ಫೋಟೋದೊಳಗಿನ ದಿನಾಂಕ, ಜಾಗದ ಮಾಹಿತಿಯೂ ಅಳಿಸಿಹೋಗುತ್ತದೆ. ಅಪಘಾತ, ಜಾಗದ ತಕರಾರಿನ ಫೋಟೋ ಆದರೆ ಮೂಲ ಫೈಲು ತೆಗೆದ ಮೊಬೈಲಿನಲ್ಲೇ ಇರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಷ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ ಸಂಖ್ಯೆ) ನಮೂದಿಸಬೇಕು. ಫಾರ್ವರ್ಡ್ ಆದ ಪ್ರತಿಯ ಹ್ಯಾಷ್ ಮೂಲದ್ದಕ್ಕೆ ಹೊಂದುವುದಿಲ್ಲ.

ಸ್ಕ್ರೀನಿನಲ್ಲಿ ಚೆಂದ, ಪ್ರಿಂಟು ಕಪ್ಪು. ತಲೆಯೂ ಕತ್ತರಿಸಿಹೋಗಿದೆ.

ಎರಡಕ್ಕೂ ಲ್ಯಾಬನ್ನು ದೂರಬೇಡಿ. ಲ್ಯಾಪ್‌ಟಾಪ್ ಬೆಳಕು ಪೂರ್ತಿ ಏರಿಸಿ ಎಡಿಟ್ ಮಾಡಿದರೆ ಕಪ್ಪಾದ ಫೋಟೋವೂ ಸರಿ ಕಾಣುತ್ತದೆ. ಬೆಳಕನ್ನು ಅರ್ಧಕ್ಕೆ ಇಳಿಸಿ ಮತ್ತೆ ನೋಡಿ. ಐವತ್ತು ಹಾಳೆಯ ಆಲ್ಬಮ್ ಹಾಕಿಸುವ ಮುಂಚೆ ಎರಡು ಫೋಟೋವನ್ನು 4x6ರಲ್ಲಿ ಹಾಕಿಸಿ ಹಗಲುಬೆಳಕಿನಲ್ಲಿ ಹೋಲಿಸಿ. ಫೈಲಿನ ಬಣ್ಣದ ಕ್ರಮ (ಕಲರ್ ಸ್ಪೇಸ್) ಎಸ್‌ಆರ್‌ಜಿಬಿ ಆಗಿರಲಿ, ಅಡೋಬಿ ಆರ್‌ಜಿಬಿಯಲ್ಲಿ ಕೊಟ್ಟರೆ ಹೆಚ್ಚಿನ ಕಡೆ ಬಣ್ಣ ಸಪ್ಪೆಯಾಗುತ್ತದೆ.

ಮೊಬೈಲಿನ ಫೋಟೋ 4:3 ಆಕಾರದ್ದು, 4x6 ಕಾಗದ 3:2. ತುಂಬಿಸುವಾಗ ಒಂದು ದಿಕ್ಕಿನಲ್ಲಿ ಶೇಕಡಾ 11ರಷ್ಟು ಹೋಗುತ್ತದೆ. ಗುಂಪು ಫೋಟೋದಲ್ಲಿ ಮೇಲೆ ಕೆಳಗೆ ಜಾಗ ಬಿಟ್ಟು ತೆಗೆಯಿರಿ.

ಫೋಟೋಗಳನ್ನು ಎಲ್ಲಿ ಇಡಬೇಕು? ಪೆನ್ ಡ್ರೈವ್ ಸಾಕೇ?

ಪೆನ್ ಡ್ರೈವ್ ಒಯ್ಯುವುದಕ್ಕೆ ಮಾತ್ರ, ಇಡುವುದಕ್ಕಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಒಂದು ಮದುವೆಗೆ 2,500 ರಾ ಫೈಲು, ಒಂದಕ್ಕೆ 30 ಎಂಬಿ ಎಂದರೂ 75 ಜಿಬಿ. ಮನೆಯ ಹಾರ್ಡ್ ಡಿಸ್ಕ್ ಎರಡು, ಇನ್ನೊಂದು ಪ್ರತಿ ಕ್ಲೌಡಿನಲ್ಲಿ, ಆಗದಿದ್ದರೆ ಆರಿಸಿದ ಮುನ್ನೂರಾದರೂ ಕ್ಲೌಡಿಗೆ. ಹಾರ್ಡ್ ಡಿಸ್ಕಿಗೂ ಸಿಲಿಕಾ ಜೆಲ್ ಬೇಕು, ಇಲ್ಲಿ ಕನೆಕ್ಟರಿಗೆ ಕಿಲುಬು ಹಿಡಿಯುತ್ತದೆ. ಆರು ತಿಂಗಳಿಗೊಮ್ಮೆ ತೆರೆದು ಹತ್ತಾರು ಫೈಲು ನೋಡಿ.

ಅಗ್ಗಕ್ಕೆ ಸಿಕ್ಕ ಹೊಸ ಕಾರ್ಡನ್ನು ಕೆಲಸಕ್ಕೆ ಒಯ್ಯುವ ಮುಂಚೆ ಎಚ್2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ನಕಲಿ ಕಾರ್ಡು 128 ಜಿಬಿ ಎಂದು ತೋರಿಸಿ 8 ಜಿಬಿ ಆದ ಮೇಲೆ ಬಂದದ್ದನ್ನೆಲ್ಲ ಸದ್ದಿಲ್ಲದೆ ಚೆಲ್ಲುತ್ತದೆ. ಫೋಟೋ ಆಕಸ್ಮಿಕವಾಗಿ ಡಿಲೀಟ್ ಆದರೆ ಆ ಕಾರ್ಡಿನಲ್ಲಿ ಮುಂದೆ ಒಂದೂ ಕ್ಲಿಕ್ ಬೇಡ. ಹೊರತೆಗೆದು ಫೋಟೋರೆಕ್‌ನಂಥ ತಂತ್ರಾಂಶ ಓಡಿಸಿದರೆ ಹೆಚ್ಚಿನವು ಸಿಗುತ್ತವೆ, ಮೇಲೆ ಬರೆದರೆ ಸಿಗುವುದಿಲ್ಲ.

ಮದುವೆ ಫೋಟೋದ ಹಕ್ಕು ಯಾರದು?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಸ್ಟುಡಿಯೋದವರು ತಮ್ಮ ಪುಟದಲ್ಲಿ ಹಾಕಿಕೊಳ್ಳಬೇಕೆಂದಿದ್ದರೆ ಮುಂಗಡ ತೆಗೆದುಕೊಳ್ಳುವಾಗಲೇ ಕಾಗದದಲ್ಲಿ ಬರೆಸಿಕೊಳ್ಳಬೇಕು. ರಾ ಫೈಲು ಕೊಡುತ್ತಾರೋ ಇಲ್ಲವೋ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎನ್ನುವುದನ್ನೂ ಅದೇ ಕಾಗದಕ್ಕೆ ಸೇರಿಸಿ.

ಡ್ರೋನ್?

2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗೆ 200 ಅಡಿವರೆಗೆ ಅನುಮತಿ ಬೇಡ. ಅದಕ್ಕಿಂತ ಹತ್ತಿರವಾದರೆ ಬೇಕು. ಬಜಪೆ ನಿಲ್ದಾಣ, ಬಂದರು, ತೈಲ ಸಂಸ್ಕರಣಾಗಾರ ಇರುವ ಮಂಗಳೂರಿನಲ್ಲಿ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ.

ಎಐ ಬಳಸಿ ಫೋಟೋ ತಿದ್ದುವುದು ತಪ್ಪೇ?

ನೆಂಟರ ಹಿಂದಿನ ಪ್ಲಾಸ್ಟಿಕ್ ಕುರ್ಚಿ ಅಳಿಸುವುದಕ್ಕೆ ಯಾರದೂ ತಕರಾರಿಲ್ಲ. ಆಟದ, ಕೋಲದ, ನೆರೆಯ, ಸಭೆಯ ಫೋಟೋ ದಾಖಲೆ. ಅಲ್ಲಿ ಏನನ್ನೂ ಸೇರಿಸಬಾರದು, ಅಳಿಸಬಾರದು. ಹಳೆಯ ಮಸುಕು ಮುಖವನ್ನು ಎಐ 'ಸ್ಪಷ್ಟ' ಮಾಡಿದಾಗ ಬರುವ ಕಣ್ಣು, ಮೂಗು ಅದು ಊಹಿಸಿದ್ದು, ನಿಮ್ಮ ಅಜ್ಜಿಯದ್ದಲ್ಲ. ಮಾಡಿದರೆ ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಸ್ಕ್ಯಾನನ್ನು ಮುಟ್ಟಬೇಡಿ.

ಹಳೆಯ ಫೋಟೋ, ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವುದು ಹೇಗೆ?

ನೆಗೆಟಿವ್ ಸಿಕ್ಕಿದರೆ ಅದರಿಂದಲೇ ಮಾಡಿ. ಆಲ್ಬಮಿನ ಕಾಪಿ ಕೆಂಪು ತಿರುಗಿದ್ದರೂ ನೆಗೆಟಿವಿನಲ್ಲಿ ಬಣ್ಣ ಹೆಚ್ಚು ಉಳಿದಿರುವುದುಂಟು. 35 ಎಂಎಂ ನೆಗೆಟಿವಿಗೆ 2400 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಎಂದರೆ ಸುಮಾರು 7.7 ಮೆಗಾಪಿಕ್ಸೆಲ್, 3200 ಎಂದರೆ 13.7. ಅದಕ್ಕಿಂತ ಮೇಲೆ ಮನೆಬಳಕೆಯ ಸ್ಕ್ಯಾನರುಗಳು ಫಿಲ್ಮಿನ ಹರಳನ್ನೇ (ಗ್ರೇನ್) ದೊಡ್ಡದು ಮಾಡುತ್ತವೆ. ಕಾಗದದ ಫೋಟೋಕ್ಕೆ 600 ಡಿಪಿಐ. ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಬಣ್ಣದ ನೆಗೆಟಿವಿಗೆ ಮಾತ್ರ. ಕಪ್ಪುಬಿಳುಪಿನಲ್ಲಿ ಬೆಳ್ಳಿಯನ್ನೇ ಅದು ಧೂಳೆಂದು ತಿಳಿದು ಚಿತ್ರ ಕೆಡಿಸುತ್ತದೆ.

ಬೂಷ್ಟು ಹಿಡಿದ ನೆಗೆಟಿವನ್ನು ನೀರಿನಲ್ಲಿ ತೊಳೆಯಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗುತ್ತದೆ, ಧೂಳಿನ ಜೊತೆ ಚಿತ್ರವೂ ಹೋಗುತ್ತದೆ. ಒಣ ಕುಂಚ, ಬ್ಲೋವರ್ ಸಾಕು. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟುಹಾಳೆಯ ಆಲ್ಬಮಿನಿಂದ ಬಿಡಿಸಲು ಹಲ್ಲುಸಂದಿಯ ನವಿರು ದಾರವನ್ನು ಫೋಟೋದ ಹಿಂದೆ ಗರಗಸದಂತೆ ಎಳೆಯಿರಿ.

ಸ್ಕ್ಯಾನ್ ಆದ ದಿನವೇ ಹೆಸರು ಬರೆಯಿರಿ: ವರ್ಷ, ಊರು, ಎಡದಿಂದ ಬಲಕ್ಕೆ ಯಾರು ಯಾರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇಲ್ಲಿ ತೆಗೆದ ಹಳೆಯ ಫೋಟೋಗಳು ಇಂದು ಬಾಸೆಲ್‌ನ ಅವರ ಸಂಗ್ರಹದಿಂದ ಅಂತರ್ಜಾಲದಲ್ಲೇ ನೋಡಲು ಸಿಗುತ್ತವೆ. ಅವು ಹುಡುಕಿದರೆ ಸಿಗುವುದಕ್ಕೆ ಕಾರಣ ಜೊತೆಗಿರುವ ಬರಹ. ಮನೆಯ ಹಿರಿಯರನ್ನು ಪಕ್ಕ ಕೂರಿಸಿಕೊಂಡು ಸ್ಕ್ಯಾನ್ ಮಾಡಿ, ಮೊಬೈಲಿನ ರೆಕಾರ್ಡರ್ ಆನ್ ಇರಲಿ.

ಈಗಲೂ ಫಿಲ್ಮಿನಲ್ಲಿ ತೆಗೆಯಬಹುದೇ?

ಖಂಡಿತ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಈಗ ಇಲ್ಲ, ಹೊರದೇಶದ ರೀಲುಗಳು ಸಿಗುತ್ತವೆ. ಫ್ರಿಜ್ಜಿನಲ್ಲಿ ಇಡಿ, ಬಳಸುವ ಎರಡು ಗಂಟೆ ಮುಂಚೆ ಹೊರತೆಗೆದು ಬೆವರು ಆರಿದ ಮೇಲೆ ಡಬ್ಬಿ ತೆರೆಯಿರಿ. ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಡೆವಲಪರ್ 20 ಡಿಗ್ರಿ ಕೇಳುತ್ತದೆ, ಏಪ್ರಿಲಿನಲ್ಲಿ ಇಲ್ಲಿಯ ನಲ್ಲಿನೀರು 28 ದಾಟಿರುತ್ತದೆ. ಬೋಗುಣಿಯಲ್ಲಿ ಮಂಜುಗಡ್ಡೆ ಹಾಕಿ ಅದರಲ್ಲಿ ಬಾಟಲಿಗಳನ್ನು ಇಳಿಸಿ. ಅಷ್ಟು ತಣ್ಣಗಾಗದಿದ್ದರೆ 24 ಡಿಗ್ರಿಗೆ ಹೊತ್ತು ಕಡಿಮೆ ಮಾಡಿ, ಆದರೆ 5 ನಿಮಿಷಕ್ಕಿಂತ ಕೆಳಗೆ ಹೋಗಬೇಡಿ, ಕಲೆಕಲೆಯಾಗುತ್ತದೆ. ಫಿಕ್ಸರ್, ತೊಳೆಯುವ ನೀರೂ ಅದೇ ಬಿಸಿಯಲ್ಲಿರಲಿ, ತೀರ ವ್ಯತ್ಯಾಸವಾದರೆ ಜೆಲಾಟಿನ್ ಸುಕ್ಕುಗಟ್ಟುತ್ತದೆ. ಒಣಹಾಕಲು ಬಚ್ಚಲುಮನೆಯೇ ಒಳ್ಳೆಯದು, ಬಿಸಿನೀರು ಬಿಟ್ಟು ಧೂಳು ಕೂರಿಸಿದ ಮೇಲೆ.